ನಾಟಿಯ ಸಾಲು, ಆಲೆಮನೆಯ ಕೊಪ್ಪರಿಗೆ

ಕೆರೆಗೂ ನಾಲೆಗೂ ನೀರು ಬಂದ ವರ್ಷ ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆ ಸುತ್ತಮುತ್ತ ನಾಟಿಯ ಕಾಲ ನೋಡುವಂತಿರುತ್ತದೆ. ಒಂದು ಗದ್ದೆಗೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಇಳಿಯುತ್ತಾರೆ. ಒಟ್ಲಿನಿಂದ ಕಿತ್ತ ಪೈರಿನ ಕಟ್ಟುಗಳನ್ನು ಗಂಡಾಳುಗಳು ಮೊದಲೇ ಅಲ್ಲಲ್ಲಿ ಎಸೆದಿರುತ್ತಾರೆ. ಒಬ್ಬೊಬ್ಬಳಿಗೆ ಕೈ ಚಾಚಿದಷ್ಟು ಅಗಲದ ಪಟ್ಟಿ. ಬಗ್ಗಿ ನೆಡುತ್ತ ಹಿಂದಕ್ಕೆ ಸರಿಯುವಾಗ ತನ್ನ ಪಟ್ಟಿಯನ್ನಷ್ಟೇ ನೋಡಿದರೆ ಸಾಲದು. ಎಡಬಲದವರ ಕೊನೆಯ ಪೈರು ಎಲ್ಲಿದೆ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತಲೂ ಇರಬೇಕು. ಇಲ್ಲವಾದರೆ ಎರಡು ಪಟ್ಟಿ ಕೂಡುವಲ್ಲಿ ಒಂದೆಡೆ ದಟ್ಟ, ಇನ್ನೊಂದೆಡೆ ಬೋಳು. ಬೇಗ ಮುಗಿಸಿದವಳು ಬದುವಿನ ಮೇಲೆ ನಿಂತು ಸೊಂಟ ನೇರ ಮಾಡಿಕೊಂಡು ಉಳಿದವರಿಗೆ ಕಾಯುತ್ತಾಳೆ. ಎಲ್ಲರೂ ಬಂದ ಮೇಲೆಯೇ ಮುಂದಿನ ಗದ್ದೆ.

ಕಂಪ್ಯೂಟರುಗಳ ಲೋಕದಲ್ಲಿ ಇದಕ್ಕೆ ಸಮಾಂತರ ಗಣನೆ ಎಂಬ ದೊಡ್ಡ ಹೆಸರಿದೆ. ಒಂದು ದೊಡ್ಡ ಲೆಕ್ಕವನ್ನು ತುಂಡು ಮಾಡಿ ಹಲವು ಸಂಸ್ಕಾರಕಗಳಿಗೆ, ಅಂದರೆ ಪ್ರೊಸೆಸರುಗಳಿಗೆ, ಹಂಚುವುದು. ನಾಳೆ ಮಳೆ ಬರುತ್ತದೆಯೇ ಎಂದು ಲೆಕ್ಕ ಹಾಕಬೇಕಾದರೆ ಆಕಾಶವನ್ನು ಚೌಕ ಚೌಕವಾಗಿ ವಿಂಗಡಿಸಿ, ಒಬ್ಬೊಬ್ಬರಿಗೆ ಒಂದಷ್ಟು ಚೌಕ ಕೊಡುತ್ತಾರೆ. ತನ್ನ ಚೌಕದ ಗಾಳಿ, ಶಾಖ, ತೇವ ಎಷ್ಟೆಂದು ಪ್ರತಿಯೊಂದು ಪ್ರೊಸೆಸರೂ ಎಣಿಸುತ್ತದೆ. ಆದರೆ ಗಾಳಿ ಗಡಿ ನೋಡಿ ಬೀಸುವುದಿಲ್ಲವಲ್ಲ! ಅಂಚಿನ ಚೌಕಗಳ ಸುದ್ದಿಯನ್ನು ಹೆಜ್ಜೆ ಹೆಜ್ಜೆಗೂ ಪಕ್ಕದವರಿಗೆ ತಿಳಿಸಬೇಕು, ಅವರಿಂದ ಕೇಳಿಕೊಳ್ಳಬೇಕು, ಕೆಲವೊಮ್ಮೆ ಎಲ್ಲರೂ ಬರುವವರೆಗೆ ಕಾಯಬೇಕು. ಹಂಚುವುದು ಸುಲಭ. ಸುದ್ದಿ ಮುಟ್ಟಿಸುವುದೇ ಕಷ್ಟ.

ಇಂಥ ಕಷ್ಟವನ್ನು ಏಕೆ ಮೈಮೇಲೆ ಎಳೆದುಕೊಂಡರು? 2004–05ರ ವೇಳೆಗೆ ಒಂಟಿ ಪ್ರೊಸೆಸರಿನ ಓಟ ಸೆಕೆಂಡಿಗೆ ಸುಮಾರು ಮುನ್ನೂರು–ನಾನೂರು ಕೋಟಿ ಮಿಡಿತಕ್ಕೆ ಬಂದು ನಿಂತಿತು. ಅದಕ್ಕಿಂತ ಓಡಿಸಿದರೆ ತಡೆಯಲಾಗದ ಬಿಸಿ. ಹೀಗಾಗಿ ತಯಾರಕರು ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಪ್ರೊಸೆಸರುಗಳನ್ನು ಕೂರಿಸತೊಡಗಿದರು. ಇಂದು ಹಳ್ಳಿಯ ಹುಡುಗನ ಜೇಬಿನ ಫೋನಿನಲ್ಲೂ ಎಂಟು ಇರುತ್ತವೆ. ಆದರೆ ಒಬ್ಬನಿಗೆಂದು ಬರೆದ ಪ್ರೋಗ್ರಾಂ ಒಬ್ಬನಿಂದಲೇ ದುಡಿಸುತ್ತದೆ. ಉಳಿದ ಏಳು ಮಂದಿ ಬದುವಿನ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಂತೆ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಮೊದಲು ಕೈಹಾಕಿದ ಕಥೆ ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಿಳಿಯದು. 1980ರ ದಶಕದಲ್ಲಿ ಹವಾಮಾನದ ಲೆಕ್ಕಕ್ಕಾಗಿ ಭಾರತ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ಕೇಳಿತು. ಕೇಳಿದ್ದು ದೊಡ್ಡದು, ಕೊಡಲೊಪ್ಪಿದ್ದು ಚಿಕ್ಕದು, ಅದೂ ಇಂಥದಕ್ಕೇ ಬಳಸಬೇಕೆಂಬ ಷರತ್ತುಗಳ ಜೊತೆಗೆ. ಅದು ದೆಹಲಿಗೆ ಬರುವ ಮೊದಲೇ, 1986ರ ಡಿಸೆಂಬರಿನಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ (ಜನರ ಬಾಯಲ್ಲಿ ಎನ್‌ಎಎಲ್) ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರು ಕೆಲಸ ಶುರು ಮಾಡಿತ್ತು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬಂಥ ಲೆಕ್ಕಗಳಿಗಾಗಿ ಅದು ಹುಟ್ಟಿದ್ದು. ಅದರೊಳಗೆ ಇದ್ದದ್ದು ನಾಲ್ಕೇ ಪ್ರೊಸೆಸರು, ಆ ಕಾಲದ ಇಂಟೆಲ್ 8086 ಜಾತಿಯವು. ಆ ಕೆಲಸದ ಮುಂದಾಳು ಯು.ಎನ್. ಸಿನ್ಹಾ. ಆಗ ಪ್ರಯೋಗಾಲಯದ ನಿರ್ದೇಶಕರು ರೊದ್ದಂ ನರಸಿಂಹ. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಲ್ಲೊಬ್ಬರು. 1991ರಲ್ಲಿ ಪುಣೆಯ ಸಿ–ಡ್ಯಾಕ್‌ನಿಂದ ‘ಪರಮ್ 8000’ ಬಂದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದಕ್ಕಿಂತ ಐದು ವರ್ಷ ಮುಂಚೆ ಬೆಂಗಳೂರಿನಲ್ಲಿ ನಾಲ್ಕು ಪ್ರೊಸೆಸರು ಜೋಡಿಸಿಕೊಂಡು ಕೂತವರನ್ನು ನೆನೆಯುವವರು ಕಡಿಮೆ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ ಮಾಡಬಲ್ಲದು. (ಕೋಟಿ ಕೋಟಿ ಎಂದು ಎರಡು ಸಲ ಅಚ್ಚಾದದ್ದು ಮುದ್ರಣ ದೋಷವಲ್ಲ, ಒಂದು ಕೋಟಿಯನ್ನು ಇನ್ನೊಂದು ಕೋಟಿಯಿಂದ ಗುಣಿಸಬೇಕು.)

ಮೊದಮೊದಲು ಇಂಥ ಯಂತ್ರಗಳಲ್ಲಿ ಪ್ರೊಸೆಸರುಗಳು ತಮ್ಮೊಳಗೆ ಮಾತಾಡುವ ರೀತಿ ಒಂದೊಂದಕ್ಕೆ ಒಂದೊಂದು. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಕೊನೆಗೆ ಹಲವು ದೇಶಗಳ ತಜ್ಞರು ಕೂತು ಒಂದು ಒಪ್ಪಂದದ ಭಾಷೆ ಮಾಡಿದರು. 1994ರಲ್ಲಿ ಪ್ರಕಟವಾದ ಅದರ ಹೆಸರು ಎಂಪಿಐ. ಕಳಿಸು, ಪಡೆ, ಎಲ್ಲರಿಗೂ ಸಾರು, ಎಲ್ಲರ ಮೊತ್ತ ಕೂಡು, ಎಲ್ಲರೂ ಬರುವತನಕ ನಿಲ್ಲು: ಇವೇ ಅದರ ಮುಖ್ಯ ಮಾತುಗಳು. ಒಪ್ಪಂದ ಕಾಗದದ ಮೇಲಿದ್ದರೆ ಸಾಲದು, ಅದನ್ನು ನಡೆಸಿಕೊಡುವ ಪ್ರೋಗ್ರಾಂಗಳ ಕಟ್ಟು ಬೇಕು. ಅಂಥ ಕಟ್ಟಿಗೆ ಕಂಪ್ಯೂಟರಿನವರು ‘ಲೈಬ್ರರಿ’ ಎನ್ನುತ್ತಾರೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದವರು ಮಾಡಿ ಉಚಿತವಾಗಿ ಹಂಚಿದ್ದು ‘ಎಂಪಿಸಿಎಚ್’. ಕೊನೆಯ ಎರಡಕ್ಷರ ‘ಕಮೀಲಿಯನ್’, ಅಂದರೆ ಊಸರವಳ್ಳಿ, ಎಂಬುದರಿಂದ ಬಂದವು. ಯಾವ ಯಂತ್ರದ ಮೇಲೆ ಕೂತರೂ ಅದರ ಬಣ್ಣಕ್ಕೆ ತಿರುಗಬೇಕೆಂಬ ಆಶಯ.

ಲೈಬ್ರರಿಗಳು ಇನ್ನೂ ಇವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1979ರಲ್ಲಿ ಎಂ.ಇ. ಪದವಿ ಪಡೆದ ಲಕ್ಷ್ಮೀಕಾಂತ ಕಾಳೆ ಮುಂದೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ಚಾರ್ಮ್ ಪ್ಲಸ್ ಪ್ಲಸ್’ ಕಟ್ಟಿದರು. ಅದರ ಉಪಾಯ ಬೇರೆ. ಆಳುಗಳಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯ ಸಣ್ಣ ಸಣ್ಣ ಪಟ್ಟಿ ಮಾಡುವುದು, ಹೊರೆ ಹೆಚ್ಚಾದವರಿಂದ ಬಿಡುವಾಗಿರುವವರಿಗೆ ಪಟ್ಟಿಗಳನ್ನು ದಾಟಿಸುತ್ತ ಹೋಗುವುದು. ಪ್ರೋಟೀನು, ವೈರಸ್ಸುಗಳ ಅಣು ಅಣುವಿನ ಚಲನೆಯನ್ನು ಲೆಕ್ಕ ಹಾಕುವ ‘ನ್ಯಾಮ್ಡ್’ ಎಂಬ ಹೆಸರುವಾಸಿ ಪ್ರೋಗ್ರಾಂ ನಿಂತಿರುವುದು ಅದರ ಮೇಲೆ.

ಇವೆಲ್ಲ ಎರಡು ರೂಪದಲ್ಲಿ ಸಿಗುತ್ತವೆ. ಒಂದು, ಸಿದ್ಧ ಅಡುಗೆ: ಒಂದು ಆಜ್ಞೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ಬಂದು ಕೂರುತ್ತದೆ. ಇನ್ನೊಂದು, ಮೂಲ: ಮನುಷ್ಯರು ಬರೆದ ಸಾಲುಗಳ ರಾಶಿ. ಅದನ್ನು ತಂದು ತನ್ನ ಯಂತ್ರಕ್ಕೆ ತಕ್ಕಂತೆ ತಾನೇ ಕಟ್ಟಿಕೊಳ್ಳಬೇಕು. ಸಿದ್ಧ ಅಡುಗೆ ಇರುವಾಗ ಒಲೆ ಏಕೆ ಹಚ್ಚಬೇಕು ಎಂದು ಕೇಳಬಹುದು. ಸಾಮಾನ್ಯ ಬಳಕೆಗೆ ಹಚ್ಚಬೇಕಿಲ್ಲ, ನಿಜ. ಆದರೆ ಹಲವರು ಹಂಚಿಕೊಳ್ಳುವ ದೊಡ್ಡ ಯಂತ್ರದಲ್ಲಿ ಹೊಸದನ್ನು ಕೂರಿಸುವ ಅಧಿಕಾರ ವಿದ್ಯಾರ್ಥಿಗೆ ಇರುವುದಿಲ್ಲ. ತನಗೆ ಬೇಕಾದದ್ದನ್ನು ತನ್ನ ಕಡತಕೋಶದೊಳಗೆ, ಅಂದರೆ ತನ್ನ ಹಿತ್ತಲಲ್ಲಿ, ತಾನೇ ಕಟ್ಟಿಕೊಳ್ಳಬೇಕು. ಆ ಅಭ್ಯಾಸ ಮೊದಲೇ ಇರುವುದು ಒಳ್ಳೆಯದು.

ಬೂಕನಕೆರೆ ಹೋಬಳಿಯ ಹಳ್ಳಿಯೊಂದರ ಹುಡುಗ 2023ರ ದಸರಾ ರಜೆಗೆ ಊರಿಗೆ ಬಂದದ್ದು ಇದೇ ಕೆಲಸ ಹೊತ್ತುಕೊಂಡು. ಎಂಜಿನಿಯರಿಂಗ್ ಕೊನೆಯ ವರ್ಷ. ಬಿಸಿ ತಗಡಿನ ಮೇಲೆ ಶಾಖ ಹರಡುವುದನ್ನು ಹಲವು ಪ್ರೊಸೆಸರುಗಳಲ್ಲಿ ಲೆಕ್ಕ ಮಾಡುವುದು ಅವನ ಪ್ರಾಜೆಕ್ಟು. ರಜೆ ಮುಗಿಯುವುದರೊಳಗೆ ಸ್ವಂತ ಲ್ಯಾಪ್‌ಟಾಪಿನಲ್ಲಿ ಎಂಪಿಸಿಎಚ್ ಅನ್ನು ಮೂಲದಿಂದ ಕಟ್ಟಿ ತೋರಿಸಬೇಕು, ಆಮೇಲೆ ಲ್ಯಾಬಿನ ದೊಡ್ಡ ಯಂತ್ರ ಮುಟ್ಟಲು ಬಿಡುತ್ತೇನೆ ಎಂಬುದು ಗೈಡ್ ಮೇಷ್ಟ್ರ ಕಟ್ಟಪ್ಪಣೆ. ಲ್ಯಾಪ್‌ಟಾಪು ಎರಡನೆಯ ಕೈಯದು, ಕಬ್ಬಿನ ದುಡ್ಡಿನಲ್ಲಿ ಅಪ್ಪ ಕೊಡಿಸಿದ್ದು. ಆ ವರ್ಷ ಮಳೆ ಕೈಕೊಟ್ಟಿತ್ತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಈ ಹುಡುಗ ಓದು ಮುಗಿಸಿ ಬೇಗ ಒಂದು ಕೆಲಸ ಹಿಡಿಯಬೇಕೆಂಬುದು ಎಲ್ಲರಿಗೂ ಗೊತ್ತಿತ್ತು, ಅವನಿಗೂ.

ಕಟ್ಟುವುದರಲ್ಲಿ ಮೂರು ಹೆಜ್ಜೆ. ‘ಕಾನ್ಫಿಗರ್’ ಎಂಬುದು ಮೊದಲನೆಯದು. ಇದನ್ನು ಮದುವೆ ಮನೆಗೆ ಬಂದ ಅಡಿಗೆ ಭಟ್ಟರಿಗೆ ಹೋಲಿಸಬಹುದು. ಒಲೆ ಹಚ್ಚುವ ಮೊದಲು ಅವರು ಕೇಳುತ್ತ ಹೋಗುತ್ತಾರೆ: ಕೊಳಗ ಇದೆಯೇ? ಸೌಟು ಇದೆಯೇ? ಸೌದೆ ಒಣಗಿದೆಯೇ? ಹಾಗೆಯೇ ಇದು ಯಂತ್ರವನ್ನು ನೂರಾರು ಪ್ರಶ್ನೆ ಕೇಳಿ, ಒಂದೊಂದಕ್ಕೂ ‘ಇದೆ’ ‘ಇಲ್ಲ’ ಎಂದು ಪರದೆಯ ಮೇಲೆ ಬರೆಯುತ್ತದೆ. ಈ ಪ್ರಶ್ನಾವಳಿಯನ್ನು ತಾನೇ ತಯಾರಿಸಿಕೊಡುವ ಆಟೋಕಾನ್ಫ್ ಎಂಬ ಸಾಧನ 1991ರಲ್ಲಿ ಬಂತು. ಎರಡನೆಯ ಹೆಜ್ಜೆ ‘ಮೇಕ್’. 1976ರಲ್ಲಿ ಬೆಲ್ ಲ್ಯಾಬಿನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಯಾವುದು ಬೆಂದ ಮೇಲೆ ಯಾವುದು ಎಂಬ ಲೆಕ್ಕವಿಟ್ಟು ಸಾಲುಗಳ ರಾಶಿಯನ್ನು ಯಂತ್ರದ ಭಾಷೆಗೆ ಇಳಿಸುತ್ತದೆ. ಆದದ್ದನ್ನು ತಂದು ಹೇಳಿದ ಜಾಗದಲ್ಲಿ ಜೋಡಿಸುವುದು ಮೂರನೆಯದು, ‘ಮೇಕ್ ಇನ್‌ಸ್ಟಾಲ್’.

ಹುಡುಗ ಮೊದಲ ರಾತ್ರಿ ಫೋನಿನ ಇಂಟರ್ನೆಟ್ಟಿನಿಂದ ಮೂಲದ ಗಂಟು ಇಳಿಸಿ, ಬಿಚ್ಚಿ, ಕಾನ್ಫಿಗರ್ ನಡೆಸಿದ. ಕರಿ ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಅಪ್ಪ ಹಟ್ಟಿಯಿಂದ ಬಂದು ಬಾಗಿಲಲ್ಲಿ ನಿಂತ.

“ಏನ್ಲಾ ಮಗ ಅದು, ಬರೀ ಅಕ್ಸರ ಓಡ್ತಾ ಅವೆ?”

“ಲೈಬ್ರರಿ ಕಟ್ತಾ ಇವ್ನಿ ಕಣಪ್ಪ.”

“ಲೈಬ್ರರಿಯಾ? ಪಂಚಾಯ್ತಿ ಆಫೀಸ್ ತಾವ ಒಂದು ಕಟ್ಟವ್ರಲ್ಲ, ಅದುಕ್ಕೇ ಯಾರೂ ಓಯ್ತಿಲ್ಲ!”

ಓಟ ನಿಂತಿತು. ಕೊನೆಯಲ್ಲಿ ನಾಲ್ಕೈದು ಸಾಲಿನ ಇಂಗ್ಲಿಷು. ಅದರ ತಾತ್ಪರ್ಯ ಇಷ್ಟು: ಫೋರ್ಟ್ರಾನ್ ಅನುವಾದಕ ಇಲ್ಲಿ ಸಿಗಲಿಲ್ಲ. ಫೋರ್ಟ್ರಾನ್ ಪ್ರೋಗ್ರಾಂ ನಿಮಗೆ ಬೇಡವಾದರೆ ಇಂಥ ಮಾತು ಸೇರಿಸಿ, ಆ ಭಾಗ ಬಿಟ್ಟು ಮುಂದುವರಿಯಬಹುದು. ಬೇಕಾದರೆ ಮೊದಲು ಅನುವಾದಕವನ್ನು ತಂದಿಟ್ಟುಕೊಳ್ಳಿ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ. ಕಾಲೇಜಿಗೆ ಹೋದ ಮೇಲೆ ಇಂಗ್ಲಿಷ್ ಪುಸ್ತಕ ಓದಿ ಪರೀಕ್ಷೆ ಬರೆಯುವಷ್ಟು ಕಲಿತಿದ್ದ. ಆದರೆ ಯಂತ್ರ ನಿಂತು ಉದ್ದಕ್ಕೆ ಇಂಗ್ಲಿಷ್ ಹೇಳತೊಡಗಿದರೆ ಅದು ಬೈಗುಳದಂತೆ ಕೇಳುತ್ತದೆ. ಬೈಗುಳವನ್ನು ಯಾರೂ ಪೂರ್ತಿ ಕೇಳುವುದಿಲ್ಲ. ಇದರಲ್ಲಿ ಶಾಲೆಗಳ ಪಾಲೂ ಇದೆ. ಉತ್ತರ ಪತ್ರಿಕೆಯ ಕೆಂಪು ಶಾಯಿಯಲ್ಲಿ ಮಕ್ಕಳು ಅಂಕಿ ಓದುತ್ತಾರೆ, ಪಕ್ಕದಲ್ಲಿ ಬರೆದ ಮಾತನ್ನು ಓದುವುದಿಲ್ಲ. ಓದಿಸುವವರೂ ಕಡಿಮೆ. ಹುಡುಗನ ಕಣ್ಣು ‘ಬಿಟ್ಟು ಮುಂದುವರಿಯಬಹುದು’ ಎಂಬಲ್ಲಿಗೆ ನಿಂತಿತು. ಆ ಮಾತು ಸೇರಿಸಿ ಮತ್ತೆ ನಡೆಸಿದ. ಸರಾಗವಾಗಿ ಹೋಯಿತು. ಮೇಕ್ ಓಡಲು ಬಿಟ್ಟು ಮಲಗಿದ. ಬೆಳಿಗ್ಗೆ ಲೈಬ್ರರಿ ಸಿದ್ಧ. ಸಿ ಭಾಷೆಯ ಒಂದು ಪುಟ್ಟ ಪ್ರೋಗ್ರಾಂ ನಡೆಸಿ ನೋಡಿದ, ನಡೆಯಿತು. ಅವತ್ತು ಕೆ.ಆರ್. ಪೇಟೆಗೆ ಹೋಗಿ ಸ್ನೇಹಿತರ ಜೊತೆ ಸಿನಿಮಾ ನೋಡಿ ಬಂದ.

ಮಾರನೆಯ ದಿನ ಮೇಷ್ಟ್ರು ಕೊಟ್ಟಿದ್ದ ಶಾಖದ ಪ್ರೋಗ್ರಾಂ ತೆರೆದರೆ ಅದು ಫೋರ್ಟ್ರಾನಿನಲ್ಲಿತ್ತು.

ಅಪರೂಪವೇನಲ್ಲ. ಫೋರ್ಟ್ರಾನ್ 1957ರಲ್ಲಿ ಐಬಿಎಂನಿಂದ ಹೊರಬಂದ ಭಾಷೆ, ಇಂದಿನ ಹುಡುಗರ ಅಜ್ಜನ ಓರಗೆಯದು. ಆದರೂ ಗಾಳಿ, ನೀರು, ಶಾಖಗಳ ಲೆಕ್ಕದ ಲೋಕದಲ್ಲಿ ಯಜಮಾನಿಕೆ ಇನ್ನೂ ಬಿಟ್ಟುಕೊಟ್ಟಿಲ್ಲ. ಹವಾಮಾನದ ಎಷ್ಟೋ ಪ್ರೋಗ್ರಾಂಗಳು ಈಗಲೂ ಅದರಲ್ಲಿವೆ. ಹುಡುಗ ಕಟ್ಟಿದ ಲೈಬ್ರರಿಯಲ್ಲಿ ಆ ಬಾಗಿಲೇ ಇರಲಿಲ್ಲ, ಅವನೇ ಬೇಡವೆಂದಿದ್ದ. ಎರಡು ರಾತ್ರಿಯ ಕೆಲಸ ಹೋಯಿತು.

ಮತ್ತೆ ಮೊದಲಿನಿಂದ. ‘ಜಿಫೋರ್ಟ್ರಾನ್’ ತಂದಿಟ್ಟು ಕಾನ್ಫಿಗರ್ ಓಡಿಸಿದರೆ ಇನ್ನೂ ಮುಂದೆ ಹೋಗಿ ನಿಂತಿತು. ಈ ಸಲದ ತಕರಾರು ಬೇರೆ: ಈ ಅನುವಾದಕವು ಒಂದೇ ಉಪಕ್ರಮಕ್ಕೆ ಒಮ್ಮೆ ಒಂದು ಜಾತಿಯ, ಇನ್ನೊಮ್ಮೆ ಬೇರೆ ಜಾತಿಯ ಮಾಹಿತಿ ಕೊಡುವುದನ್ನು ಒಪ್ಪುತ್ತಿಲ್ಲ. ಸೀನಿಯರುಗಳು ಬಿಟ್ಟುಹೋದ ಟಿಪ್ಪಣಿ ನೋಡಿ ಅವನು ಇಳಿಸಿದ್ದು ಹಳೆಯ ಎಂಪಿಸಿಎಚ್. ಅದರಲ್ಲಿ ‘ಕಳಿಸು’ ಎಂಬ ಒಂದೇ ಚೀಲಕ್ಕೆ ಇವತ್ತು ರಾಗಿ, ನಾಳೆ ಭತ್ತ ತುಂಬುವ ಪದ್ಧತಿ. 2020ರಲ್ಲಿ ಬಂದ ಜಿಫೋರ್ಟ್ರಾನ್ 10ರಿಂದ ಈಚೆಗೆ ಅನುವಾದಕ ಕಟ್ಟುನಿಟ್ಟಾಯಿತು: ರಾಗಿ ಚೀಲಕ್ಕೆ ರಾಗಿಯೇ. ಹಳಬರಿಗಾಗಿ ಒಂದು ವಿನಾಯಿತಿಯ ಮಾತನ್ನೂ ಇಟ್ಟಿದ್ದರು. ಆ ಮಾತು ಯಾವುದೆಂದು ದೋಷ ಸೂಚನೆಯ ಕೊನೆಯಲ್ಲೇ ಅಕ್ಷರಕ್ಕೆ ಅಕ್ಷರ ಬರೆದಿತ್ತು. ಈ ಸಲ ಹುಡುಗ ಪೆನ್ನು ಹಿಡಿದು ಆ ಇಂಗ್ಲಿಷನ್ನು ಒಂದು ನೋಟ್‌ಬುಕ್ಕಿಗೆ ಪೂರ್ತಿ ಇಳಿಸಿದ, ಕೆಳಗೆ ಕನ್ನಡದಲ್ಲಿ ಅರ್ಥ ಬರೆದ. ಆಮೇಲೆ ಯಂತ್ರದ ಕೀಲಿ ಮುಟ್ಟಿದ.

ಎಂಪಿಸಿಎಚ್ ಜೊತೆಗೆ ಬರುವ ಸೂಚನಾ ಪತ್ರದಲ್ಲಿ ಇನ್ನೊಂದು ಬುದ್ಧಿಮಾತಿದೆ. ಮೂರೂ ಹೆಜ್ಜೆಗಳಲ್ಲಿ ಪರದೆಯ ಮೇಲೆ ಓಡುವುದನ್ನು ಮೂರು ಕಡತಗಳಲ್ಲೂ ಬರೆಸಿಡಿ ಎಂದು. ಅದಕ್ಕೆ ಬಳಸುವ ಆಜ್ಞೆಯ ಹೆಸರು ‘ಟೀ’. ಇದು ಕುಡಿಯುವ ಟೀ ಅಲ್ಲ, ಪೈಪಿನ ಟೀ: ಬಂದ ನೀರನ್ನು ಎರಡು ಕಡೆಗೆ ತಿರುಗಿಸುವ ಜೋಡಣೆ. ತೋಟಕ್ಕೆ ಡ್ರಿಪ್ ಎಳೆಸಿದ್ದ ಅಪ್ಪನಿಗೆ ಇದೊಂದು ಮಾತ್ರ ವಿವರಣೆ ಬೇಡದೆ ಅರ್ಥವಾಯಿತು.

ಆ ಕಡತ ಬೇಕಾಗಿಯೂ ಬಂತು. ಬೇಗ ಮುಗಿಯಲೆಂದು ಹುಡುಗ ಮೇಕ್‌ಗೆ ಒಟ್ಟಿಗೆ ನಾಲ್ಕು ಆಳು ಹಚ್ಚಲು ಹೇಳಿದ್ದ. ಸಮಾಂತರ ಲೈಬ್ರರಿಯನ್ನು ಸಮಾಂತರವಾಗಿಯೇ ಕಟ್ಟುವುದು! ಅರ್ಧ ದಾರಿಯಲ್ಲಿ ಅದು ನಿಂತಿತು. ಪರದೆಯ ಬುಡದಲ್ಲಿ ಕಂಡ ಮಾತು: ಇನ್ನೂ ಮುಗಿಯದ ಕೆಲಸಗಳಿಗಾಗಿ ಕಾಯುತ್ತಿದ್ದೇನೆ. ಇದು ತಪ್ಪಲ್ಲ, ತಪ್ಪಾದ ನಂತರದ ಮಾತು. ಒಬ್ಬ ಎಡವಿದ ಮೇಲೂ ಉಳಿದ ಮೂವರು ಹಿಡಿದ ಕೆಲಸ ಮುಗಿಸಿಯೇ ಕೈ ತೊಳೆಯುತ್ತಾರೆ, ಅವರ ಸಾಲುಗಳ ಕೆಳಗೆ ಎಡವಿದವನ ಕೂಗು ಹೂತುಹೋಗುತ್ತದೆ. ಹಿಂದೆ ಆಗಿದ್ದರೆ ಆ ಕೊನೆಯ ಸಾಲನ್ನೇ ಹಿಡಿದು ತಲೆ ಕೆಡಿಸಿಕೊಳ್ಳುತ್ತಿದ್ದನೇನೋ. ಈಗ ಕಡತ ತೆರೆದು ಮೇಲಿನಿಂದ ಓದುತ್ತ ಬಂದ. ಮೊದಲ ತಪ್ಪು ಸಿಕ್ಕಿತು: ಡಿಸ್ಕಿನಲ್ಲಿ ಜಾಗವಿಲ್ಲ. ಹುಡುಕಿದರೆ ಅಕ್ಕನ ಮದುವೆಯ ವಿಡಿಯೊ, ಮುಹೂರ್ತದಿಂದ ಬೀಗರ ಊಟದವರೆಗೆ, ಪೂರ್ತಿ ಅಲ್ಲೇ ಕೂತಿತ್ತು. ಅಳಿಸುವ ಧೈರ್ಯ ಯಾರಿಗಿದೆ! ಪೆನ್ ಡ್ರೈವಿಗೆ ಸಾಗಿಸಿ ಮುಂದುವರಿದ.

ಲೈಬ್ರರಿ ಸಿದ್ಧವಾದ ಮೇಲೆ ಶಾಖದ ಪ್ರೋಗ್ರಾಂ ಓಡಿತು. ಒಂದು ಪ್ರೊಸೆಸರಿನಲ್ಲಿ ಓಡಿಸಿದ್ದಕ್ಕಿಂತ ಎರಡರಲ್ಲಿ ಬೇಗ ಮುಗಿಯಿತು. ಆದರೆ ಅರ್ಧಕ್ಕೆ ಇಳಿಯಲಿಲ್ಲ. ನಾಲ್ಕು ತುಂಡು ಮಾಡಿದರೆ ಇನ್ನಷ್ಟು ತಡವಾಯಿತು. ಆ ಲ್ಯಾಪ್‌ಟಾಪಿನಲ್ಲಿ ಇದ್ದವರೇ ಇಬ್ಬರು. ಇಬ್ಬರು ನಾಲ್ವರಂತೆ ನಟಿಸುತ್ತ, ಜೊತೆಗೆ ಸುದ್ದಿಯನ್ನೂ ಸಾಗಿಸಬೇಕಾದರೆ ಇನ್ನೇನಾದೀತು? ಇಬ್ಬರಿಗೇ ಏಕೆ ಅರ್ಧವಾಗಲಿಲ್ಲ ಎಂದು ಹುಡುಗ ಗೊಣಗುತ್ತಿದ್ದಾಗ ಅಪ್ಪ ಹೇಳಿದ್ದು:

“ನಾಕಾಳು ಆಕುದ್ರೆ ಕಬ್ಬು ಬೇಗ ಆಲೆಮನೆಗೆ ಬತ್ತದೆ ಕಣ್ಲಾ. ಕೊಪ್ಪರಿಗೆ ಬೇಗ ಕುದಿತದಾ?”

1967ರಲ್ಲಿ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಗಾರ ಹೇಳಿದ್ದೂ ಇದನ್ನೇ. ಕಬ್ಬು ಕಡಿಯುವುದು, ಸಾಗಿಸುವುದು ಎಷ್ಟು ಜನಕ್ಕಾದರೂ ಹಂಚಬಹುದಾದ ಕೆಲಸ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಪಾಕಕ್ಕೆ ಬರುವುದು ಹಂಚಲಾಗದ್ದು. ಹತ್ತು ಗಂಟೆಯ ಕೆಲಸದಲ್ಲಿ ಹಂಚಲಾಗದ ಭಾಗ ಒಂದು ಗಂಟೆ ಎಂದಿಟ್ಟುಕೊಳ್ಳಿ. ಉಳಿದ ಒಂಬತ್ತು ಗಂಟೆಯನ್ನು ಹತ್ತು ಆಳಿಗೆ ಹಂಚಿದರೆ ತಲಾ 54 ನಿಮಿಷ. ಒಟ್ಟು 1 ಗಂಟೆ 54 ನಿಮಿಷ. ಹತ್ತು ಆಳು ಹಚ್ಚಿದರೂ ವೇಗ ಐದು ಪಟ್ಟಿಗೆ ಸ್ವಲ್ಪ ಮೇಲೆ, ಅಷ್ಟೇ. ಸಾವಿರ ಆಳು ಹಚ್ಚಿದರೆ 1 ಗಂಟೆ 32 ಸೆಕೆಂಡು. ಲಕ್ಷ ಆಳು ಹಚ್ಚಿದರೂ ಒಂದು ಗಂಟೆಗಿಂತ ಕಡಿಮೆ ಆಗದು. ಕೋಟಿಗಟ್ಟಲೆ ಸುರಿದು ಸೂಪರ್ ಕಂಪ್ಯೂಟರ್ ತರುವವರು ತಲೆ ಕೆರೆದುಕೊಳ್ಳುವುದು ಈ ಕೊಪ್ಪರಿಗೆಯ ಒಂದು ಗಂಟೆಯ ಬಗ್ಗೆಯೇ.

ಆಯುಧಪೂಜೆಯ ದಿನ ನೇಗಿಲು, ಕುಡುಗೋಲುಗಳ ಜೊತೆ ಲ್ಯಾಪ್‌ಟಾಪಿಗೂ ಕುಂಕುಮ ಬಿತ್ತು. ಸಂಜೆ ಹುಡುಗ ಇನ್ನೊಂದು ಪುಟ್ಟ ಪರೀಕ್ಷೆ ಮಾಡಿದ. ನಾಲ್ಕು ತುಂಡುಗಳೂ ತಂತಮ್ಮ ಸಂಖ್ಯೆ ಹೇಳಿ ‘ಬಂದೆ’ ಎನ್ನಬೇಕು, ಅಷ್ಟೇ. ಪರದೆಯ ಮೇಲೆ ಬಂದ ಕ್ರಮ: 2, 0, 3, 1. ಮತ್ತೆ ಓಡಿಸಿದ: 0, 3, 1, 2. ಏನೋ ಕೆಟ್ಟಿದೆ ಎಂದುಕೊಂಡ. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅವ್ವ ವಿಷಯ ಕೇಳಿ, “ಯಾರ್ದು ಮೊದ್ಲು ಮುಗೀತೋ ಅವ್ರು ಮೊದ್ಲು ಕೂಗ್ತಾರೆ, ಅದ್ರಲ್ಲೇನು?” ಎಂದಳು. ವರ್ಷಗಟ್ಟಲೆ ನಾಟಿ ಸಾಲಿನಲ್ಲಿ ನಿಂತವಳು. ನಿಜಕ್ಕೂ ಕೆಟ್ಟದ್ದೇನೂ ಇರಲಿಲ್ಲ. ಕ್ರಮವಾಗಿ ಬರಬೇಕಾದರೆ ಉಳಿದವರು ತಂತಮ್ಮ ಮಾತನ್ನು ಸೊನ್ನೆಯ ನಂಬರಿನವನಿಗೆ ಕಳಿಸಬೇಕು. ಅವನು ಒಂದು, ಎರಡು, ಮೂರು ಎಂದು ಸರದಿಯಲ್ಲಿ ಪಡೆದು ತಾನೊಬ್ಬನೇ ಹೇಳಬೇಕು. ಕ್ರಮ ಬೇಕೆಂದರೆ ಒಂದಷ್ಟು ಕಾಯಲೇಬೇಕು.

ರಜೆ ಮುಗಿದ ಸೋಮವಾರ ಲ್ಯಾಬಿನ ಯಂತ್ರದ ಮುಂದೆ ಕೂತಾಗ ಅವನ ಹತ್ತಿರ ಇದ್ದದ್ದು ಆ ನೋಟ್‌ಬುಕ್ಕು, ಮೂರು ಕಡತಗಳು. ಅಲ್ಲಿ ಏನನ್ನೂ ಕೂರಿಸುವ ಅಧಿಕಾರ ಅವನಿಗಿರಲಿಲ್ಲ. ತನ್ನ ಹಿತ್ತಲಿನ ವಿಳಾಸ ಕೊಟ್ಟು ಕಾನ್ಫಿಗರ್ ಶುರು ಮಾಡಿದ. ಸಾಲುಗಳು ಓಡಿದವು. ಫೋರ್ಟ್ರಾನ್ ಸಾಲಿನ ಮುಂದೆ ‘ಇದೆ’ ಎಂದು ಬಂತು. ಅವನು ಅದರ ಮುಂದಿನ ಸಾಲು ಓದಲು ಹೊರಟ.